‘53 ಇಲ್ಲ ನೋಡ್ರಿ’ ಎಂದು ಮಾರಿದ 5.9 ಬ್ಲಾಕ್: ಹಾಫ್ ಎಂಜಿನ್ ಕೊಳ್ಳುವ ಮುಂಚೆ ಇದನ್ನು ಓದಿ

ಬಳ್ಳಾರಿಯ ಗುಜರಿಯೊಂದರಿಂದ ಟಿಪ್ಪರ್‌ಗೆಂದು ಬಂದ ಕಮಿನ್ಸ್ 6ಬಿಟಿ (5.9 ಲೀಟರ್) ಹಾಫ್ ಎಂಜಿನ್, ಅಂದರೆ ಹೆಡ್ ಇಲ್ಲದೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇಷ್ಟೇ ಇರುವ ಎಂಜಿನ್, ಮೂರೇ ವಾರಕ್ಕೆ ನೀರು ಬಿಟ್ಟಿತು. ಇಳಿಸಿ ಬಿಚ್ಚಿದಾಗ ಸಿಕ್ಕ ಮೋಸ ಒಂದಲ್ಲ, ಎರಡು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಗಾಡಿಗಳಿಗೂ ಗಂಗಾವತಿ, ಸಿಂಧನೂರಿನ ಭತ್ತದ ಲಾರಿಗಳಿಗೂ ಇಂಥವೇ ಬ್ಲಾಕು ಹೋಗುತ್ತವೆ, ಅದಕ್ಕೇ ಈ ಬರಹ.

ಮಾರುವಾಗ ಹೇಳಿದ ಮಾತು: “ಅಣ್ಣಾರ, 53 ಇಲ್ಲ ನೋಡ್ರಿ, ಕ್ರ್ಯಾಕ್ ಮಾತೇ ಇಲ್ಲ.” ಟಾರ್ಚ್ ಹಿಡಿದು ತೋರಿಸಿಯೂ ಆಯಿತು. 53ರ ಕಥೆ ಸುಳ್ಳಲ್ಲ, ಆದರೆ ಅದು ಬೇರೆ ದೇಶದ್ದು. ಅಮೆರಿಕದ ಡಾಜ್ ಪಿಕಪ್‌ಗಳಲ್ಲಿ 2000ದ ಆಸುಪಾಸು ಬಂದ 24 ವಾಲ್ವ್ 5.9 ಎಂಜಿನ್‌ಗಳಲ್ಲಿ ಬ್ರೆಜಿಲ್‌ನಲ್ಲಿ ಎರಕವಾದ ಒಂದು ಬ್ಲಾಕ್ ಇದೆ. ಅದರ ಎಡಬದಿಯಲ್ಲಿ ಡೀಸೆಲ್ ಪಂಪಿನ ಕೆಳಗೆ, ಬಲಬದಿಯಲ್ಲಿ ಹಿಂದುಗಡೆ ಚೇಂಬರ್ (ತಳದ ಆಯಿಲ್ ತೊಟ್ಟಿ) ಅಂಚಿನ ಮೇಲೆ, 53 ಎಂಬ ಅಂಕಿ ಉಬ್ಬಿರುತ್ತದೆ. ನೀರಿನ ಜಾಕೆಟ್ಟಿನ (ಸಿಲಿಂಡರ್ ಸುತ್ತ ನೀರು ಹರಿಯುವ ಜಾಗದ) ಗೋಡೆ ತೆಳು, ಹಾಗಾಗಿ ಬಲಬದಿಯಲ್ಲಿ ಕೋರ್ ಪ್ಲಗ್‌ಗಳ (ಎರಕದ ತೂತು ಮುಚ್ಚುವ ತಗಡಿನ ಬಿಲ್ಲೆಗಳ) ಕೆಳಗೆ ಅಡ್ಡಕ್ಕೆ ಸೀಳುತ್ತದೆ. ನಮ್ಮ ಟಾಟಾ ಗಾಡಿಗಳ 6ಬಿಟಿ ಜಮ್‌ಶೆಡ್‌ಪುರದ 12 ವಾಲ್ವ್ ಮಾಲು. ಅದರ ಮೇಲೆ 53 ಇಲ್ಲ ಅನ್ನುವುದು ಎಮ್ಮೆಗೆ ಸೊಂಡಿಲಿಲ್ಲ ಎಂದು ಹೊಗಳಿದ ಹಾಗೆ.

ಬ್ಲಾಕಿನ ಮೇಲಿನ ನಂಬರುಗಳಲ್ಲಿ ಎರಡು ಜಾತಿ. ಉಬ್ಬಿದವು ಎರಕದವು, ಅಚ್ಚಿನಿಂದಲೇ ಬಂದವು. ತಗ್ಗಾಗಿರುವವು ಆಮೇಲೆ ಪಂಚ್ ಹೊಡೆದವು. ಎರಕದ ನಂಬರು ಪಾರ್ಟ್ ನಂಬರಲ್ಲ. ಒಂದೇ ಎರಕವನ್ನು ಬೇರೆ ಬೇರೆ ಎಂಜಿನ್‌ಗೆ ಬೇರೆ ಬೇರೆ ಥರ ಕೊರೆದು, ತಿರುವಿ ಕೊಡುತ್ತಾರೆ. ಆದ್ದರಿಂದ ಎರಕದ ನಂಬರಿನ ಫೋಟೊ ವಾಟ್ಸ್ಯಾಪಿನಲ್ಲಿ ತರಿಸಿಕೊಂಡು “ಮ್ಯಾಚ್ ಆಯ್ತು” ಎಂದು ಮುಂಗಡ ಹಾಕಬೇಡಿ. ಎರಕದ ತಾರೀಕನ್ನೂ ನೋಡಿ. ಎರಕ ಮೊದಲು, ಎಂಜಿನ್ ಆಮೇಲೆ. ಆರ್‌ಸಿಯಲ್ಲಿರುವ ಗಾಡಿಯ ತಯಾರಿ ತಿಂಗಳಿಗಿಂತ ಎರಕದ ತಾರೀಕು ಈಚಿನದಾದರೆ ಆ ಬ್ಲಾಕ್ ಆ ಗಾಡಿಯ ಜೊತೆ ಹುಟ್ಟಿದ್ದಲ್ಲ.

ಎಂಜಿನ್ನಿನ ತಗಡಿನ ಪ್ಲೇಟಿಗೂ ಮರುಳಾಗಬಾರದು. ಈ ಎಂಜಿನ್‌ನಲ್ಲಿ ಅದು ಟೈಮಿಂಗ್ ಗೇರ್ ಹೌಸಿಂಗ್ ಮೇಲಿರುತ್ತದೆ. ಹೌಸಿಂಗ್ ಬಿಚ್ಚಿ ಬೇರೆ ಬ್ಲಾಕಿಗೆ ಕಟ್ಟಿದರೆ ಪ್ಲೇಟೂ ಜೊತೆಗೇ ಹೋಗುತ್ತದೆ. ಬ್ಲಾಕಿನ ಮೈಮೇಲಿನ ಸೀರಿಯಲ್ ನಂಬರ್ ಆಯಿಲ್ ಕೂಲರ್ ಹೌಸಿಂಗ್‌ನ ಮೇಲ್ಗಡೆ ಸಿಗುತ್ತದೆ. ಅಲ್ಲಿನ ಮಣ್ಣು, ಗ್ರೀಸ್ ಕೆರೆದು ಪ್ಲೇಟಿನ ಜೊತೆ ಹೋಲಿಸಿ. ಗ್ರೈಂಡರ್ ಗೆರೆ ಕಂಡರೆ ಬೆಲೆ ಕೇಳುವುದೂ ಬೇಡ.

ಅಳತೆಗೆ ವರ್ನಿಯರ್ ಸಾಕು. 5.9ರ ಬೋರ್ (ಸಿಲಿಂಡರಿನ ಒಳ ಅಗಲ) 102 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 120. ಕಮಿನ್ಸ್‌ನದೇ 6.7 ಲೀಟರ್ ಎಂಜಿನ್ನಿನ ಬೋರ್ 107, ಸ್ಟ್ರೋಕ್ 124. ಟಾಟಾದ ಸ್ವಂತ 697 ಬೇರೆಯೇ ಕುಲ: 97, 128. ಬಣ್ಣ ಬಳಿದು ಗೋಡೆಗೆ ಆನಿಸಿಟ್ಟ 5.9 ಮತ್ತು 6.7ರಲ್ಲಿ ಕಣ್ಣಳತೆ ನಂಬಬೇಡಿ. ಸವಕಳಿಗೆ ಮಾತ್ರ ಬೋರ್ ಗೇಜ್ ಬೇಕು: ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಒಂದಕ್ಕೊಂದು ಅಡ್ಡವಾಗಿ ಎರಡು ಸಲ. 102.116 ಮಿಮೀ ದಾಟಿದ್ದರೆ, ಅಥವಾ ಓವಲ್ (ದುಂಡು ತಪ್ಪಿದ್ದು) 0.038, ಟೇಪರ್ (ಮೇಲೆ ಕೆಳಗಿನ ಅಗಲದ ವ್ಯತ್ಯಾಸ) 0.076 ಮೀರಿದ್ದರೆ ಬೋರಿಂಗ್ ತಪ್ಪದು. ಪಿಸ್ಟನ್ ಓವರ್‌ಸೈಜ್ 0.5 ಮತ್ತು 1.0 ಮಿಮೀ ಬರುತ್ತವೆ. 1.0 ಆಗಿಬಿಟ್ಟಿದ್ದರೆ ಮುಂದಿನ ದಾರಿ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ) ಒಂದೇ.

ಸ್ಲೀವ್ ಹಾಕಿದ್ದು ಗೊತ್ತಾಗುವುದು ಹೀಗೆ: 6ಬಿಟಿಗೆ ಕಂಪನಿಯಿಂದ ಲೈನರ್ ಇಲ್ಲ, ಪಿಸ್ಟನ್ ನೇರ ಬ್ಲಾಕಿನಲ್ಲೇ ಓಡುತ್ತದೆ. ಹೆಡ್ ಕೂರುವ ಮುಖವನ್ನು ನೀರುಕಾಗದದಲ್ಲಿ ಎರಡು ಸಲ ಉಜ್ಜಿ ಬೆಳಕಿಗೆ ಓರೆಯಾಗಿ ನೋಡಿ. ಬೋರಿನ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದ ಗೆರೆ ಕಂಡರೆ ಒಳಗೆ ಸ್ಲೀವ್ ಇದೆ. ಇದ್ದರೆ ತಪ್ಪಲ್ಲ, ‘ಸ್ಟ್ಯಾಂಡರ್ಡ್ ಬೋರ್’ ಎಂದು ಮಾರುವುದು ತಪ್ಪು. ಮುಖ ತಿರುವಿದ್ದರೆ (ಮೆಷಿನ್‌ನಲ್ಲಿ ಹೆರೆದು ಸಮ ಮಾಡಿದ್ದರೆ) ಬ್ಲಾಕಿನ ಹಿಂಬದಿಯ ಬಲ ಮೇಲ್ಮೂಲೆಯಲ್ಲಿ ಒಂದು ಎಕ್ಸ್ ಪಂಚ್ ಇರಬೇಕು. ಒಂದು ಎಕ್ಸ್ ಅಂದರೆ 0.25 ಮಿಮೀ ಹೋಗಿದೆ, ಎರಡು ಎಕ್ಸ್ ಅಂದರೆ 0.50, ಅದೇ ಕೊನೆ. ನಮ್ಮ ಕಡೆ ಬೋರಿಂಗ್ ವರ್ಕ್ಸ್‌ನವರು ಪಂಚ್ ಹೊಡೆದಿದ್ದು ಅಪರೂಪ, ಆದ್ದರಿಂದ ಎಕ್ಸ್ ಇಲ್ಲ ಅಂದಮಾತ್ರಕ್ಕೆ ತಿರುವಿಲ್ಲ ಎಂದಲ್ಲ.

ಈಗ ಆ ಬ್ಲಾಕಿನ ವಿಷಯ. ಮೈತುಂಬ ಹೊಸ ಬಣ್ಣ. ಎರಡನೇ ಕೋರ್ ಪ್ಲಗ್‌ನ ಕೆಳಗೆ ಬಣ್ಣ ಮಾತ್ರ ನುಣುಪು, ಉಳಿದೆಡೆ ಎರಕದ ಮರಳುಗಂಟು. ಅಲ್ಲಿ ಸ್ಕ್ರೂಡ್ರೈವರ್ ಆಡಿಸಿದರೆ ಎಂ-ಸೀಲ್ ಚಕ್ಕೆ ಎದ್ದು ಬಂತು, ಒಳಗೆ ಬೆರಳುದ್ದದ ಸೀಳು. ಅದಿರಿನ ಕೆಂಪು ಧೂಳು ರೇಡಿಯೇಟರ್ ಮುಚ್ಚಿ ಎಂಜಿನ್ ಕಾದಾಗ ತಣ್ಣೀರು ಸುರಿದರೆ ಆಗುವುದು ಇದೇ. ಗಡಸು ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಕಟ್ಟಿದ್ದರೆ ಇನ್ನೂ ಬೇಗ.

ಕೊಳ್ಳುವಾಗ ನುಣುಪು ಕಂಡ ಕಡೆ ವೈರ್ ಬ್ರಶ್ ಹಾಕಿಸಿ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಸೀಳಿದ್ದರೆ ಬಿಳಿ ಸುಣ್ಣದ ಮೇಲೆ ಒದ್ದೆ ಗೆರೆ ತಾನೇ ಮೂಡುತ್ತದೆ. ಪಕ್ಕಾ ಆಗಬೇಕಾದರೆ ಜಾಕೆಟ್ ಮುಚ್ಚಿ, 60 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿ, 40 ಪಿಎಸ್‌ಐ ಗಾಳಿ ಕೊಟ್ಟು ಗುಳ್ಳೆ ನೋಡಬೇಕು. ತಣ್ಣೀರಿನಲ್ಲಿ ಸಣ್ಣ ಸೀಳು ಬಾಯಿ ಬಿಡುವುದಿಲ್ಲ.

ಎರಡನೇ ಮೋಸ ಚೇಂಬರ್ ಒಳಗಿತ್ತು. ಕ್ರ್ಯಾಂಕನ್ನು ಹಿಡಿದಿಡುವ ಏಳು ಮೇನ್ ಬೇರಿಂಗ್ ಕ್ಯಾಪ್‌ಗಳಲ್ಲಿ 3 ಎಂದು ಪಂಚ್ ಇದ್ದವು ಎರಡು, 5 ಒಂದೂ ಇಲ್ಲ! ಐದನೇ ಜಾಗಕ್ಕೆ ಬೇರೆ ಬ್ಲಾಕಿನ ಕ್ಯಾಪ್ ಕೂರಿಸಿದ್ದಾರೆ. ಕ್ಯಾಪ್ ಕಟ್ಟಿಯೇ ಬ್ಲಾಕನ್ನು ಒಂದೇ ಸಾಲಿನಲ್ಲಿ ಬೋರ್ ಮಾಡುವುದರಿಂದ ಒಂದರ ಕ್ಯಾಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರಿಂಗ್ ಒಂದೇ ಮಗ್ಗುಲಿಗೆ ತಾಮ್ರ ಕಾಣುವವರೆಗೆ ಸವೆದಿತ್ತು. ಹಾಗೇ ಓಡಿಸಿದ್ದರೆ ಕ್ರ್ಯಾಂಕೂ ಹೋಗುತ್ತಿತ್ತು. ಲೈನ್ ಬೋರಿಂಗ್ ಮಾಡಿಸದೆ ಇದಕ್ಕೆ ಮದ್ದಿಲ್ಲ. ಹಾಫ್ ಎಂಜಿನ್ ಎಂದು ಚೇಂಬರ್ ಬಿಚ್ಚದೆ ತಂದದ್ದರ ಫಲ. ಅಂಗಡಿಯಲ್ಲೇ ಚೇಂಬರ್ ಇಳಿಸಿ, ಒಂದರಿಂದ ಏಳರವರೆಗೆ ಎಣಿಸಿ. ಟರ್ಬೊ ಗಾಡಿಗಾದರೆ ಪಿಸ್ಟನ್‌ಗೆ ಆಯಿಲ್ ಚಿಮ್ಮಿಸುವ ನಾಜಲ್‌ಗಳು ಇವೆಯೇ, ಗಾಳಿ ಹೊಡೆದರೆ ಎಲ್ಲದರಲ್ಲೂ ಬರುತ್ತದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.

ರೊಕ್ಕ ಕೊಡುವ ಮುಂಚೆ ಬಿಲ್ಲಿನಲ್ಲಿ ಬ್ಲಾಕಿನ ಪಂಚ್ ನಂಬರ್, ಬೋರ್ ಸೈಜ್, ‘ಕ್ರ್ಯಾಕ್ ಬಂದರೆ ವಾಪಸ್’ ಇಷ್ಟೂ ಬರೆಸಿ. ಈ ವ್ಯವಹಾರದಲ್ಲಿ ಸಿಕ್ಕಿದ್ದು ‘ಹಳೇ ಕಬ್ಬಿಣ’ ಎಂದಷ್ಟೇ ಬರೆದ ಚೀಟಿ, ಅದನ್ನು ಹಿಡಿದು ಕೇಳಲು ಹೋದರೆ ಕಬ್ಬಿಣದ ರೇಟಿಗೆ ವಾಪಸ್ ತೂಗುತ್ತೇವೆ ಎಂದರು. ಅದೇ ನಂಬರನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಲೂ ಬಿಲ್ ಬೇಕು. ಕೆಎ-34 ಇರಲಿ, 36, 37 ಇರಲಿ, ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋದ ದಿನ ಆ ಪಂಚನ್ನೂ ನೋಡುತ್ತಾರೆ.