ಏರ್ ರೈಫಲ್, ಏರ್ ಪಿಸ್ತೂಲ್: ಮೊದಲ ಸಲ ಹೋದಾಗ ಯಾವುದು ಹಿಡಿಯೋದು?

ಎರಡು ಭಾನುವಾರ ಬೆಂಗಳೂರಿನ ಒಂದೇ ಶೂಟಿಂಗ್ ರೇಂಜಿಗೆ ಹೋಗಿ ಬಂದೆ. ಮೊದಲ ವಾರ ಏರ್ ರೈಫಲ್, ಮುಂದಿನ ವಾರ ಏರ್ ಪಿಸ್ತೂಲ್. ಎರಡಕ್ಕೂ ಗುರಿ 10 ಮೀಟರ್ ದೂರದಲ್ಲೇ, ಎರಡಕ್ಕೂ 4.5 ಮಿಲಿಮೀಟರ್ ಪೆಲೆಟ್ಟೇ, ಅಂದರೆ ಸಣ್ಣ ಸೀಸದ ಗುಂಡು. ಹಾಗಾಗಿ ಏನು ಮಹಾ ವ್ಯತ್ಯಾಸ ಅಂದುಕೊಂಡಿದ್ದೆ. ಹಿಡಿದ ಮೇಲೆ ಗೊತ್ತಾಯಿತು, ಇವು ಎರಡು ಬೇರೆ ಆಟ.

ಯಾವುದು ಹಿಡಿದರೂ ಮೊದಲ ಪಾಠ ಒಂದೇ. ನಳಿಕೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಯಾರೋ ಕರೆದರು ಅಂತ ಗನ್ ಹಿಡಿದುಕೊಂಡೇ ತಿರುಗುವ ಹಾಗಿಲ್ಲ. ಇದನ್ನು ಕೋಚ್ ಮೂರು ಸಲ ಹೇಳಿಸಿದರು, ಒಳ್ಳೆಯದೇ ಮಾಡಿದರು.

ಆಮೇಲೆ ಎರಡರಲ್ಲಿ ಯಾವ ಕಣ್ಣು ಜೋರು ಅಂತ ತಿಳಿಯುವ ಪರೀಕ್ಷೆ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದರೆ ಒಂದರಲ್ಲಿ ಗಡಿಯಾರ ಕಾಣುತ್ತದೆ, ಇನ್ನೊಂದರಲ್ಲಿ ಮಾಯ. ಕಾಣುವ ಕಣ್ಣೇ ಜೋರು. ನಾನು ಬಲಗೈಯವನು, ಆದರೆ ಜೋರಾಗಿರುವುದು ಎಡಗಣ್ಣು! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನನ್ನ ಮಟ್ಟಿಗೆ ಮುಂದಿನದೆಲ್ಲ ಇದರ ಮೇಲೇ ನಿಂತಿತು.

ರೈಫಲ್ ನಾಲ್ಕೈದು ಕಿಲೋ ತೂಗುತ್ತದೆ. ಹೊಸಬರಿಗೆ ಸ್ಟ್ಯಾಂಡ್ ಮೇಲೆ ಇಟ್ಟು ಹೊಡೆಯಲು ಬಿಡುತ್ತಾರೆ. ಹಿಂದಿನ ಸಣ್ಣ ತೂತಿನಲ್ಲಿ ಕಣ್ಣಿಟ್ಟರೆ ಮುಂದಿನ ಉಂಗುರದೊಳಗೆ ಗುರಿಯ ಕಪ್ಪು ವೃತ್ತ ಬಂದು ಕೂರುತ್ತದೆ. ಮೂರನೇ ಹೊಡೆತಕ್ಕೇ ಕಪ್ಪಿನೊಳಗೆ ತೂತು ಬಿತ್ತು. ಆ ಖುಷಿಯೇ ಬೇರೆ. ಆದರೆ ಬಲ ಭುಜಕ್ಕೆ ರೈಫಲ್ ಒತ್ತಿದರೆ ಎಡಗಣ್ಣು ಅಡ್ಡ ಬರುತ್ತದೆ. ಅದರ ಮುಂದೆ ಬಿಳಿ ಪಟ್ಟಿ ಸಿಕ್ಕಿಸಿಕೊಂಡೇ ಹೊಡೆದೆ. ಸ್ಟ್ಯಾಂಡ್ ತೆಗೆದು ಹಿಡಿದಾಗಲಂತೂ ಹೊಡೆತಗಳು ಎಲ್ಲೆಲ್ಲೋ ಚೆಲ್ಲಿದವು. ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ, ಅಂದರೆ ಹತ್ತು ಅಂಕ ಕೊಡುವ ನಟ್ಟನಡುವಿನ ಚುಕ್ಕೆ, ಬರೀ ಅರ್ಧ ಮಿಲಿಮೀಟರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 (ಒಂದು ಹೊಡೆತಕ್ಕೆ ಗರಿಷ್ಠ 10.9) ಹೊಡೆದರು ಅಂದರೆ ಏನು ಅಂತ ಆಗ ಅರ್ಥವಾಯಿತು.

ಪಿಸ್ತೂಲ್ ಹಗುರ, ಹೆಚ್ಚುಕಡಿಮೆ ಒಂದು ಕಿಲೋ. ಗುರಿಯ ಹತ್ತರ ವೃತ್ತವೂ ದೊಡ್ಡದು, 11.5 ಮಿಲಿಮೀಟರ್. ಹಾಗಂತ ಸುಲಭ ಅಂದುಕೊಳ್ಳಬೇಡಿ. ನಿಯಮದ ಪ್ರಕಾರ ಒಂದೇ ಕೈ. ಕೈ ಚಾಚಿದ ಕೂಡಲೇ ತುದಿ ಅಲ್ಲಾಡತೊಡಗುತ್ತದೆ, ಹತ್ತು ಹೊಡೆತಕ್ಕೆ ಭುಜ ಸೋಲುತ್ತದೆ. ನನ್ನ ಮೊದಲ ಕಾಗದದಲ್ಲಿ ತೂತುಗಳೆಲ್ಲ ಎಡಗಡೆ, ಕೆಳಗೆ. ಕೋಚ್ ಒಮ್ಮೆ ನೋಡಿ, "ಟ್ರಿಗರ್ ಎಳೀತಾ ಇದ್ದೀರಿ, ಮೆಲ್ಲಗೆ ಒತ್ತಿ" ಅಂದರು. ಕಾಗದ ನೋಡಿಯೇ ಬೆರಳಿನ ತಪ್ಪು ಹೇಳಿದರಲ್ಲಾ! ಕಣ್ಣಿನ ತೊಂದರೆಯೂ ಇಲ್ಲಿ ಇರಲಿಲ್ಲ. ತಲೆ ಸ್ವಲ್ಪ ತಿರುಗಿಸಿದರೆ ಎಡಗಣ್ಣಿನ ನೇರಕ್ಕೇ ಪಿಸ್ತೂಲ್ ಬರುತ್ತದೆ. ಕೊನೆಯ ಕಾಗದದಲ್ಲಿ ಹತ್ತರಲ್ಲಿ ಆರು ಕಪ್ಪಿನೊಳಗೆ ಬಿದ್ದಿದ್ದವು. ಆ ಕಾಗದವನ್ನು ಮಡಚದೆ ಮನೆಗೆ ತಂದೆ.

ಒಂದೇ ಒಂದು ದಿನ ಹೋಗಿ ಬರುವುದಾದರೆ, ಮಕ್ಕಳನ್ನು ಕರೆದೊಯ್ಯುವುದಾದರೆ, ರೈಫಲ್ಲೇ ಸರಿ. ಸ್ಟ್ಯಾಂಡ್ ಇರುವುದರಿಂದ ಬೇಗ ಗುರಿ ಸಿಗುತ್ತದೆ, ಬೇಜಾರಾಗಲ್ಲ. ಮತ್ತೆ ಮತ್ತೆ ಹೋಗುವ ಮನಸ್ಸಿದ್ದರೆ, ಅದರಲ್ಲೂ ನನ್ನ ಹಾಗೆ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವವರಾದರೆ, ಪಿಸ್ತೂಲ್ ಹಿಡಿಯಿರಿ. ಯಾವುದಾದರೂ ಸರಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ. ಪೆಲೆಟ್ ಸೀಸದ್ದು.

ನಾನು ಮೂರನೇ ಭಾನುವಾರಕ್ಕೆ ಪಿಸ್ತೂಲ್ ಲೇನ್ ಬುಕ್ ಮಾಡಿದ್ದೇನೆ. ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟು, ದಿನಾ ಕಾಫಿಗೆ ಮುಂಚೆ ಒಂದು ಲೀಟರ್ ನೀರಿನ ಬಾಟಲಿ ಅದರ ನೇರಕ್ಕೆ ಎತ್ತಿ ಹತ್ತು ಎಣಿಸುತ್ತೇನೆ. ಸದ್ಯಕ್ಕೆ ಏಳಕ್ಕೇ ಕೈ ನಡುಗುತ್ತದೆ.