98 ಇಂಚಿನ ಟೀವಿ: ಎರಡು ವರ್ಷ ಹೊತ್ತ ಮೇಲೆ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಬದಿಯ ಪೆರ್ಲದ ಹತ್ತಿರ. ರಸ್ತೆಯಿಂದ ಇಳಿಜಾರಿನಲ್ಲಿ ನೂರೈವತ್ತು ಹೆಜ್ಜೆ ಕೆಳಗೆ, ಅಡಿಕೆ ತೋಟದ ಬದಿಯಲ್ಲಿ. ಟೀವಿ ವಿಮರ್ಶೆಯಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ಮಂಗಳೂರಿನ ಅಂಗಡಿಯಲ್ಲಿ ನಿಂತು ಚಿತ್ರ ನೋಡಿದೆ, ಬಣ್ಣ ನೋಡಿದೆ, ಬೆಲೆಗೆ ಚೌಕಾಸಿ ಮಾಡಿದೆ. ಆ ನೂರೈವತ್ತು ಹೆಜ್ಜೆ ಮಾತ್ರ ನೆನಪಿಗೆ ಬರಲಿಲ್ಲ.

ಕೊಂಡದ್ದು 2024ರ ಫೆಬ್ರವರಿಯಲ್ಲಿ. ಹಳೆ ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕಿತ್ತು, ಕೈ ಸ್ವಲ್ಪ ಧಾರಾಳವಾಗಿತ್ತು. 98 ಇಂಚಿನ 4ಕೆ ಎಲ್‌ಸಿಡಿ ಟೀವಿ, ಬಿಲ್ಲು 2,90,000 ರೂಪಾಯಿ. ಆಗ ಜಿಎಸ್‌ಟಿ 28 ಶೇಕಡಾ ಇತ್ತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳಿಗೂ ಅದು 18ಕ್ಕೆ ಇಳಿಯಿತು. ನನ್ನ ಬಿಲ್ಲಿಗೆ ಲೆಕ್ಕ ಹಾಕಿದರೆ 22 ಸಾವಿರಕ್ಕಿಂತ ಜಾಸ್ತಿ ಉಳಿಯುತ್ತಿತ್ತು. ಅದೊಂದು ಹೊಟ್ಟೆಯುರಿ ಹಾಗೇ ಇದೆ.

ಟೀವಿಯ ತೂಕ 57 ಕಿಲೋ, ಪೆಟ್ಟಿಗೆ ಸೇರಿದರೆ 77. ಇದೇನು ಮಹಾ, 50 ಕಿಲೋದ ಅಕ್ಕಿ ಮೂಟೆಯನ್ನು ಒಬ್ಬನೇ ತಲೆ ಮೇಲೆ ಇಟ್ಟುಕೊಂಡು ಹೋಗುತ್ತಾನಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮೂಟೆ ಮೈಗೆ ಒರಗುತ್ತದೆ. ಇದು ಏಳು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗಾಜು. ನಡುವೆ ಹಿಡಿಯುವಂತಿಲ್ಲ, ಮಲಗಿಸುವಂತಿಲ್ಲ, ಒಂದು ಮೂಲೆ ತಿರುಚಿದರೂ ಕಥೆ ಮುಗಿಯಿತು. ಪಿಕಪ್ ರಸ್ತೆಯಲ್ಲೇ ನಿಂತಿತು. ತಲೆಹೊರೆ ಕಾರ್ಮಿಕರು ನಾಲ್ಕು ಜನ, ತೋಟದ ಆಳುಗಳು ಇಬ್ಬರು. ಕೇರಳದಲ್ಲಿ ನೋಕ್ಕುಕೂಲಿ ಅಂತ ಒಂದಿತ್ತು, ಸುಮ್ನೆ ನೋಡಿ ನಿಂತದ್ದಕ್ಕೂ ಕೂಲಿ. 2018ರ ಮೇ 1ರಿಂದ ಸರಕಾರ ಅದನ್ನು ನಿಲ್ಲಿಸಿದೆ. ಅವತ್ತು ನೋಡುತ್ತಾ ನಿಂತವನು ನಾನೊಬ್ಬನೇ. ಅವರ ಕೂಲಿ ಒಂದು ಪೈಸೆಯೂ ಹೆಚ್ಚಲ್ಲ.

ಜಗಲಿವರೆಗೆ ಬಂತು. ಅಲ್ಲಿಂದ ಚಾವಡಿಗೆ ತಿರುಗಬೇಕು, ಕಂಬ ಅಡ್ಡ. ಪೆಟ್ಟಿಗೆ ಜಗಲಿಯಲ್ಲೇ ಬಿಚ್ಚಿ, ಟೀವಿಯನ್ನು ಓರೆ ಮಾಡಿ ದಾರಂದ ದಾಟಿಸುವಷ್ಟರಲ್ಲಿ ಅಮ್ಮ ಎರಡು ಸಲ ದೇವರಿಗೆ ಹರಕೆ ಹೇಳಿಕೊಂಡರು.

ಆಮೇಲೆ ಗೋಡೆ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆ. ಅಳವಡಿಸಲು ಬಂದ ಹುಡುಗ ಡ್ರಿಲ್ ಇಟ್ಟ, ಕೆಂಪು ಪುಡಿ ಸುರಿಯಿತು. ತೂತಿನೊಳಗೆ ಕಚ್ಚಿ ಹಿಡಿಯುವ ಆಂಕರ್ ಬೋಲ್ಟ್ ಹಾಕಿ ಬಿಗಿದರೆ ಅದು ಒಳಗೇ ತಿರುಗುತ್ತದೆ. ಕಾಂಕ್ರೀಟಿಗೆ ಮಾಡಿದ ಸಾಮಾನು ಮುರಕಲ್ಲನ್ನು ಕಚ್ಚುವುದಿಲ್ಲ. ಕೊನೆಗೆ ಮೇಸ್ತ್ರಿ ಬಂದು ಗೋಡೆಯ ಆಚೆಯವರೆಗೂ ತೂತು ಕೊರೆದು, ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು ಉದ್ದ ಬೋಲ್ಟ್ ಬಿಗಿದರು. ಆಚೆ ಕಡೆ ಅಮ್ಮನ ಕೋಣೆ. ನಾಲ್ಕು ಬೋಲ್ಟ್ ಎರಡೆರಡು ಇಂಚು ಹೊರಗಿವೆ. ಒಂದರಲ್ಲಿ ಅಮ್ಮ ಶಾಲು ನೇತುಹಾಕುತ್ತಾರೆ, ಇನ್ನೊಂದರಲ್ಲಿ ಪಂಚಾಂಗ.

ಚಿತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಳ್ಳೆಯ 4ಕೆ ಸಿಕ್ಕರೆ ಅದ್ಭುತ. ಹನ್ನೆರಡು ಅಡಿ ದೂರದಲ್ಲಿ ಕೂತು ಕ್ರಿಕೆಟ್ ನೋಡುವುದು ಬೇರೆಯೇ ಮಜಾ. ಆದರೆ ನಮ್ಮಲ್ಲಿ ಜಾಸ್ತಿ ಓಡುವುದು ಯೂಟ್ಯೂಬಿನ ಹಳೆ ಯಕ್ಷಗಾನ. ಯಾರೋ ಇಪ್ಪತ್ತು ವರ್ಷದ ಹಿಂದೆ ಮೂಲೆಯಲ್ಲಿ ನಿಂತು ತೆಗೆದ ಆಟ. ಅದನ್ನು ಇಷ್ಟು ದೊಡ್ಡದು ಮಾಡಿದರೆ ಬಣ್ಣದ ವೇಷದ ಮುಖ ಹಿಟ್ಟು ಕಲಸಿದ ಹಾಗೆ ಕಾಣುತ್ತದೆ. ಚೆಂಡೆ ಮಾತ್ರ ಚೆನ್ನಾಗಿ ಕೇಳುತ್ತದೆ, ಅದೂ ಬೇರೆ ಸ್ಪೀಕರ್ ಹಾಕಿದ ಮೇಲೆ.

ಕರೆಂಟು ಇನ್ನೊಂದು ಪಾಠ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ. ಆ ಎರಡು ತಿಂಗಳಲ್ಲಿ 500 ಯೂನಿಟ್ ದಾಟದಿದ್ದರೆ ಹಂತ ಹಂತದ ದರ. ದಾಟಿದರೆ ಮೊದಲ ಯೂನಿಟ್‌ನಿಂದಲೇ ಒಂದೇ ದೊಡ್ಡ ದರ. ನಾವು 430ರ ಆಸುಪಾಸಿನಲ್ಲಿದ್ದವರು. ಅಂಗಡಿಯವರು ಇಟ್ಟುಕೊಟ್ಟ ಝಗಮಗ ಮೋಡ್‌ನಲ್ಲಿ ಇದು ಎಳೆಯುತ್ತಿದ್ದದ್ದು 330 ವ್ಯಾಟ್. ದಿನಕ್ಕೆ ಐದು ಗಂಟೆ ಅಂದರೆ ಎರಡು ತಿಂಗಳಿಗೆ ನೂರು ಯೂನಿಟ್. ಗೆರೆ ದಾಟಿತು. ಬಿಲ್ಲು ನೋಡಿ ಮೊದಲು ಬೈದದ್ದು ಫ್ರಿಜ್ಜಿಗೆ. ಬೆಳಕು ತಗ್ಗಿಸಿ ಸಾದಾ ಮೋಡಿಗೆ ಹಾಕಿದ ಮೇಲೆ 190ಕ್ಕೆ ಬಂತು. ಕಣ್ಣಿಗೂ ಅದೇ ಹಿತ.

ಸಿಡಿಲಿನ ಕಾಲದಲ್ಲಿ ನಾವು ಪ್ಲಗ್ ಕೀಳುವವರು. ಸ್ವಿಚ್ ಆಫ್ ಮಾಡಿದರೆ ಸಾಲುವುದಿಲ್ಲ. ಪ್ಲಗ್ ಪಾಯಿಂಟ್ ಇರುವುದು ಟೀವಿಯ ಬೆನ್ನ ಹಿಂದೆ, ಕೈ ಹೋಗುವುದಿಲ್ಲ! ಮೊದಲ ಗುಡುಗಿನ ದಿನ ತೆಂಗಿನ ಹಿಡಿಸೂಡಿ ಕಡ್ಡಿಯಿಂದ ಹಿಡಿದು ಏನೆಲ್ಲ ಪ್ರಯತ್ನ ಮಾಡಿದೆವು. ನೀವು ಕೊಳ್ಳುವುದಾದರೆ ಪಾಯಿಂಟನ್ನು ಮೊದಲೇ ಬದಿಗೆ ತೆಗೆಸಿ.

ಹದಿನಾಲ್ಕನೇ ತಿಂಗಳಿಗೆ ಬಲಬದಿಯ ಕೆಳಮೂಲೆ ಕಪ್ಪಾಯಿತು. ಪರದೆಗೆ ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿ ಹೋಗಿತ್ತು. ಮಂಗಳೂರಿನ ಅಂಗಡಿಯವರು, "ನಿಮ್ಮದು ಕೇರಳದ ಪಿನ್‌ಕೋಡ್ ಅಲ್ವಾ, ಅಲ್ಲಿಗೇ ಹೇಳಿ" ಅಂದರು. ಅಲ್ಲಿಗೆ ಹೇಳಿದರೆ, ಬಿಲ್ಲು ಕರ್ನಾಟಕದ್ದು ಅಂತ ಒಂದು ವಾರ. ಗಡಿಯಲ್ಲಿ ಇರುವವರಿಗೆ ಇದು ಹೊಸತಲ್ಲ ಬಿಡಿ. ಕೊನೆಗೆ ಬಂದವನು ಒಬ್ಬನೇ, ಹೆಗಲಲ್ಲಿ ಒಂದು ಚೀಲ. ಮೇಲೆ ಕೆಳಗೆ ನೋಡಿ, "ಇಳಿಸಿ ಇಟ್ಟು ಫೋನ್ ಮಾಡಿ" ಅಂತ ಮಲಯಾಳದಲ್ಲಿ ಹೇಳಿ ಹೋದ. ಅವನ ತಪ್ಪೇನೂ ಇಲ್ಲ. ವಿಸ್ತರಿಸಿದ ವಾರಂಟಿಯಲ್ಲಿ ಪಟ್ಟಿಗೆ ದುಡ್ಡು ಬೀಳಲಿಲ್ಲ, ಇಳಿಸಿ ಏರಿಸುವ ಆಳುಗಳದ್ದು ನನ್ನ ಲೆಕ್ಕ. ಚಾವಡಿಯಲ್ಲಿ ಎರಡು ಹಾಸಿಗೆ ಜೋಡಿಸಿ ಅದನ್ನು ಕವುಚಿ ಮಲಗಿಸಿದೆವು. ಮೂರು ದಿನ ಮನೆಯಲ್ಲಿ ಕಾಯಿಲೆಯವರು ಇದ್ದ ಹಾಗಿತ್ತು.

ಆ ಮೂರು ದಿನ ಕೂತು ದೊಡ್ಡ ಟೀವಿಗಳ ಬಗ್ಗೆ ಓದಿದೆ. 1989ರಲ್ಲಿ ಸೋನಿ 43 ಇಂಚಿನ ಟ್ಯೂಬಿನ ಟೀವಿ ಮಾಡಿತ್ತು, ತೂಕ ಸುಮಾರು 200 ಕಿಲೋ. ಒಳಗೆ ನಿರ್ವಾತ, ಹೊರಗಿನ ಗಾಳಿಯ ಒತ್ತಡ ತಡೆಯಲು ಅಷ್ಟು ದಪ್ಪ ಗಾಜು ಬೇಕು. 2010ರ ಹೊತ್ತಿಗೆ ಪ್ಯಾನಸೋನಿಕ್‌ನ 152 ಇಂಚಿನ ಪ್ಲಾಸ್ಮಾ ಅರ್ಧ ಟನ್ ದಾಟಿತ್ತು. 2023ರಲ್ಲಿ ಸ್ಯಾಮ್‌ಸಂಗ್ ನಮ್ಮ ದೇಶದಲ್ಲಿ 110 ಇಂಚಿನ ಮೈಕ್ರೋ ಎಲ್‌ಇಡಿಯನ್ನು 1.14 ಕೋಟಿಗೆ ಮಾರಾಟಕ್ಕಿಟ್ಟಿತು. ನನ್ನದಕ್ಕಿಂತ 12 ಇಂಚು ಜಾಸ್ತಿಗೆ ಒಂದು ಕೋಟಿ! ಅದರಲ್ಲಿ ಚಿತ್ರದ ಒಂದೊಂದು ಚುಕ್ಕಿಗೆ ಮೂರು ಪುಟಾಣಿ ದೀಪ, ಒಟ್ಟು ಎರಡೂವರೆ ಕೋಟಿಯಷ್ಟು. ಎಲ್‌ಸಿಡಿ ಹಾಗಲ್ಲ, ದೊಡ್ಡ ಗಾಜಿನ ಹಾಳೆಯಿಂದ ಕತ್ತರಿಸುವುದು. 2.94 ಮೀಟರಿಗೆ 3.37 ಮೀಟರಿನ ಒಂದು ಹಾಳೆಯಲ್ಲಿ 75 ಇಂಚಿನವು ಆರು ಸಿಗುತ್ತವೆ, ಚೂರು ಹಾಳಾಗುವುದೂ ಕಮ್ಮಿ. 75ಕ್ಕೆ ಬೆಲೆ ಹಿಡಿತದಲ್ಲಿರುವುದು ಇದರಿಂದ. ಇದನ್ನು ಮೊದಲೇ ಓದಿದ್ದರೆ ನಾನು ಅದನ್ನೇ ತರುತ್ತಿದ್ದೆ. ಇಬ್ಬರು ಹಿಡಿದರೆ ಆಗುತ್ತಿತ್ತು.

ಮಾರೋಣ ಅಂದರೆ ಕೇಳುವವರು ಬೆಲೆ ಕೇಳುವುದಿಲ್ಲ, "ಅಲ್ಲಿಂದ ಮೇಲೆ ತರುವುದು ಹೇಗೆ?" ಅನ್ನುತ್ತಾರೆ. ಗಲ್ಫಿನಿಂದ ಬಂದ ಅಣ್ಣನ ಮಗ ಮಾತ್ರ, "ಅಪ್ಪಚ್ಚಿ, ಈಗ 115 ಇಂಚಿನದ್ದು ಬಂದಿದೆ" ಅಂದ. ಅಮ್ಮ ಒಳಗಿಂದಲೇ, "ನನ್ನ ಗೋಡೆಯಲ್ಲಿ ಇನ್ನು ಜಾಗ ಇಲ್ಲ" ಅಂದರು.

ಮೊನ್ನೆ ಮಗನ ಉಪನಯನಕ್ಕೆ ಮನೆಗೆ ಬಣ್ಣ ಹೊಡೆಸಿದೆವು. ಇಳಿಸಲು ಆರು ಜನ ಹೊಂದಿಸಲು ಆಗಲಿಲ್ಲ. ಬಣ್ಣದವರು ಟೀವಿಗೆ ಹಳೆ ಪಂಚೆ ಹೊದೆಸಿ ಸುತ್ತ ಹೊಡೆದು ಹೋದರು. ಅದರ ಹಿಂದೆ ಮಾತ್ರ ಇನ್ನೂ ಹಳೆ ನೀಲಿ ಬಣ್ಣವೇ ಇದೆ.