ಗೋಡೆಯಿಂದ ಒಂದೂವರೆ ಅಡಿ, ನೆಲಕ್ಕೊಂದು ಜಮಖಾನ: ಮನೆಯ ಸ್ಪೀಕರ್‌ಗೆ ಮಾಡಿ ನೋಡಿದ ಬದಲಾವಣೆಗಳು

ಅಂಗಡಿಯಲ್ಲಿ ಕೇಳಿದಾಗ ಚೆನ್ನಾಗಿದ್ದ ಸ್ಪೀಕರ್ ಮನೆಗೆ ಬಂದ ಮೇಲೆ ಬೇರೆಯದೇ ಅನ್ನಿಸಿತು. ಮೃದಂಗದ ಎಡಬದಿ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. "ತಂಬೂರಿ ಎಲ್ಲಿ ಹೋಯ್ತೋ?" ಎಂದು ಅಪ್ಪ ದಿನಾ ಕೇಳುತ್ತಿದ್ದರು. ಅವರು 40 ವರ್ಷ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಅವರ ಕಿವಿಗೆ ಒಪ್ಪದೆ ನನಗೂ ಸಮಾಧಾನವಾಗಲಿಲ್ಲ.

ಹೊಸ ಆಂಪ್ಲಿಫೈಯರ್ ತರೋಣವೇ ಎಂಬ ಮಾತು ಬಂತು. ಅದಕ್ಕೆ ಮೊದಲು ಇರುವುದನ್ನೇ ಸರಿಮಾಡಿ ನೋಡೋಣ ಅಂದುಕೊಂಡೆ. ಎರಡು ತಿಂಗಳು ಒಂದೊಂದೇ ಬದಲಾವಣೆ ಮಾಡಿ, ಒಂದರ ಪಕ್ಕ ಇನ್ನೊಂದನ್ನಿಟ್ಟು ಕೇಳಿದೆ. ದುಡ್ಡು ಹಾಕಿದ್ದಕ್ಕಿಂತ ಸ್ಪೀಕರ್ ಮತ್ತು ಸೋಫಾ ಸರಿಸಿದ್ದರಿಂದಲೇ ಜಾಸ್ತಿ ಫಲ ಸಿಕ್ಕಿತು. ಯಾವುದು ಎಷ್ಟು ಫಲ ಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಮೈಸೂರಿನ ಮನೆ. ಹಾಲ್ 15 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಎಡಗೋಡೆಗೆ ಗಾಜಿನ ಶೋಕೇಸ್, ಬಲಗಡೆ ದೊಡ್ಡ ಕಿಟಕಿ. ಸ್ಪೀಕರ್ ಎರಡು, ಬುಕ್‌ಶೆಲ್ಫ್ ಮಾದರಿಯವು. 5 ಇಂಚಿನ ವೂಫರ್ (ಕೆಳಸ್ವರಗಳ ಸ್ಪೀಕರ್), 8 ಓಮ್, ಗಾಳಿ ಹೊರಬರುವ ತೂತು ಹಿಂಬದಿಯಲ್ಲಿದೆ. ಮೊದಲು ಅವು ಅಗಲ ಕಡಿಮೆ ಇರುವ ಗೋಡೆಗೆ ಅಂಟಿಕೊಂಡು ಟಿವಿ ಸ್ಟ್ಯಾಂಡ್ ಮೇಲಿದ್ದವು. ಎದುರು ಗೋಡೆಗೆ ಒರಗಿಸಿ ಸೋಫಾ. ನಮ್ಮಲ್ಲಿ ಮುಕ್ಕಾಲು ಪಾಲು ಮನೆಗಳಲ್ಲಿ ಹೀಗೇ ಇರುತ್ತದೆ, ಅಲ್ವಾ?

ಕೇಳಲು ಮೂರು ಮುದ್ರಣ ಇಟ್ಟುಕೊಂಡೆ. ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೆಯ ಮೋನೋ (ಎರಡೂ ಸ್ಪೀಕರ್‌ಗೆ ಒಂದೇ ಸದ್ದು ಹೋಗುವ) ಮುದ್ರಣ ಒಂದು, ಈಚಿನ ಕರ್ನಾಟಕ ಸಂಗೀತ ಕಛೇರಿ ಒಂದು, ಯಕ್ಷಗಾನದ ಚೆಂಡೆ-ಮದ್ದಳೆ ಇರುವುದು ಒಂದು. ಚೆಂಡೆಯ ಪೆಟ್ಟು ಬಹಳ ಚೂಪು. ಕೋಣೆ ಎಲ್ಲಿ ಅನುರಣಿಸುತ್ತದೆ ಎಂದು ಅದು ತಕ್ಷಣ ತೋರಿಸುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಎರಡರಲ್ಲಿ ಯಾವುದು ಚೂರು ಜೋರಾಗಿರುತ್ತದೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ ಸಾಕು. ಹಾಗಾಗಿ ಪ್ರತಿ ಸಲವೂ ಫೋನಿನ ಸೌಂಡ್ ಮೀಟರ್ ಆ್ಯಪ್ ಸೋಫಾದ ಮೇಲಿಟ್ಟು ವಾಲ್ಯೂಮ್ ಸಮ ಮಾಡಿಕೊಂಡೆ. ಈ ಹೆಜ್ಜೆ ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ.

ಮೊದಲ ದಿನವೇ ಒಂದು ತಪ್ಪು ಸಿಕ್ಕಿತು. ಮೋನೋ ಮುದ್ರಣ ಹಾಕಿದರೆ ಪಿಟೀಲು ಎರಡು ಸ್ಪೀಕರ್‌ಗಳ ನಟ್ಟನಡುವೆ, ಒಂದೇ ಜಾಗದಿಂದ ಕೇಳಬೇಕು. ನಮ್ಮಲ್ಲಿ ಅದು ಹಾಲ್ ತುಂಬಾ ಚೆಲ್ಲಾಡಿಹೋಗಿತ್ತು. ಹಿಂದೆ ಹೋಗಿ ನೋಡಿದರೆ ಬಲಗಡೆ ಸ್ಪೀಕರ್‌ನಲ್ಲಿ ಕೆಂಪು ವೈರ್ ಕಪ್ಪು ಕಡೆಗೆ, ಕಪ್ಪು ವೈರ್ ಕೆಂಪು ಕಡೆಗೆ. ಜೋಡಿಸಲು ಬಂದ ಹುಡುಗ ಅವಸರದಲ್ಲಿ ತಿರುಗಾಮುರುಗಾ ಮಾಡಿದ್ದ. ಹೀಗಾದಾಗ ಒಂದು ವೂಫರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಬೇಸ್, ಅಂದರೆ ಕೆಳಸ್ವರಗಳ ಸದ್ದು, ಒಂದಕ್ಕೊಂದು ಹೊಡೆದುಹೋಗಿ ಸೊರಗುತ್ತದೆ. ಎರಡು ವೈರ್ ಅದಲುಬದಲು ಮಾಡಿದ್ದಷ್ಟೇ, ಪಿಟೀಲು ನಡುವೆ ಬಂದು ನಿಂತಿತು. ನಿಮ್ಮ ಮನೆಯಲ್ಲೂ ದಯವಿಟ್ಟು ಮೊದಲು ಇದನ್ನೇ ನೋಡಿ.

ಆದರೆ ಬೇಸ್ ವಾಪಸ್ ಬಂದ ಮೇಲೆ ಮೃದಂಗದ ಗುಂಯ್ ಇನ್ನೂ ಹೆಚ್ಚಾಯಿತು. ಅಲ್ಲಿಂದ ಜಾಗದ ಪರೀಕ್ಷೆ ಶುರು.

ಸ್ಪೀಕರ್‌ಗಳನ್ನು ಎರಡು ಸ್ಟೂಲ್ ಮೇಲಿಟ್ಟು ನಾಲ್ಕು ಜಾಗಗಳಲ್ಲಿ ಕೇಳಿದೆ. ಗೋಡೆಗೆ ತಾಗಿಸಿ, 8 ಇಂಚು ಮುಂದೆ, ಒಂದೂವರೆ ಅಡಿ ಮುಂದೆ, 3 ಅಡಿ ಮುಂದೆ. ಗೋಡೆಗೆ ತಾಗಿಸಿದಾಗ ಬೇಸ್ ಹೆಚ್ಚು, ಆದರೆ ಯಾವ ಸ್ವರ ಎಂದು ಗೊತ್ತಾಗುವುದಿಲ್ಲ. ಕೆಳಸ್ವರಗಳ ಅಲೆ ಸ್ಪೀಕರ್‌ನ ಸುತ್ತಲೂ ಹರಡುತ್ತದೆ. ಹತ್ತಿರದ ಗೋಡೆ ಅದನ್ನು ಮುಂದಕ್ಕೆ ತಿರುಗಿಸಿ ಕಳಿಸುತ್ತದೆ. ಒಂದು ಗೋಡೆಯಿಂದಲೇ 6 ಡೆಸಿಬೆಲ್‌ವರೆಗೆ ಹೆಚ್ಚಬಹುದು. ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. 8 ಇಂಚಿಗೆ ತಂದಾಗ ಸ್ವಲ್ಪ ತಿಳಿಯಾಯಿತು. ಒಂದೂವರೆ ಅಡಿಗೆ ತಂದಾಗ ಮೃದಂಗದ ಎಡಬದಿಯ ಪೆಟ್ಟು ಬೇರೆ, ಅದರ ನಾದ ಬೇರೆ ಎಂದು ಮೊದಲ ಸಲ ಕೇಳಿಸಿತು. ಅಪ್ಪ ಪೇಪರ್ ಕೆಳಗಿಟ್ಟು ತಲೆಯೆತ್ತಿ ನೋಡಿದರು.

3 ಅಡಿ ಇನ್ನೂ ಚೆನ್ನಾಗಿರಬಹುದು ಎಂಬ ಆಸೆಯಿತ್ತು. ಹಾಗಾಗಲಿಲ್ಲ, ಸದ್ದು ತೆಳುವಾಯಿತು. ಗೋಡೆಗೆ ಬಡಿದು ವಾಪಸ್ ಬರುವ ಅಲೆ ನೇರವಾಗಿ ಬರುವ ಅಲೆಗೆ ಎದುರಾಗಿ ಕೆಲವು ಸ್ವರಗಳನ್ನು ನುಂಗುತ್ತದೆ. ಸ್ಪೀಕರ್ ದೂರ ಹೋದಷ್ಟೂ ಹೀಗೆ ನುಂಗಿಹೋಗುವ ಸ್ವರ ಕೆಳಕ್ಕೆ ಇಳಿಯುತ್ತದೆ. 3 ಅಡಿಯಲ್ಲಿ ನಮ್ಮ ಪೆಟ್ಟಿಗೆಯ ಆಳವೂ ಸೇರಿ ಲೆಕ್ಕ ಹಾಕಿದರೆ ಅದು 75 ಹರ್ಟ್ಸ್ (ಸೆಕೆಂಡಿಗೆ 75 ಕಂಪನ) ಹತ್ತಿರ ಬರುತ್ತದೆ. ಪುಟ್ಟ ವೂಫರ್‌ಗೆ ಅಲ್ಲಿ ಮೊದಲೇ ಕಸುವು ಕಡಿಮೆ. ನಮ್ಮ ಹಾಲ್‌ಗೆ ಒಂದೂವರೆ ಅಡಿಯೇ ಸರಿ. ನಿಮ್ಮದು ಒಂದು ಅಡಿ ಇರಬಹುದು, ಎರಡಿರಬಹುದು. ಇಂಚಿಂಚೇ ಸರಿಸಿ ಕೇಳಬೇಕು.

ಮುಂದಕ್ಕೆ ತರಲು ಜಾಗವೇ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸ್ಪೀಕರ್ ಹಿಂದಿನ ತೂತಿಗೆ ಸ್ಪಂಜ್ ಉಂಡೆಯನ್ನೋ ಶುಭ್ರವಾದ ಕಾಲುಚೀಲವನ್ನೋ ತುರುಕುವುದು. ಗೋಡೆಗೆ ತಾಗಿಸಿಟ್ಟು ಇದನ್ನೂ ನೋಡಿದೆ. ಗುಂಯ್ ಅರ್ಧಕ್ಕರ್ಧ ಇಳಿಯಿತು. ಆದರೆ ಮದ್ದಳೆಯ ತೂಕವೂ ಇಳಿಯಿತು. ಬಾಡಿಗೆ ಮನೆಯ ಚಿಕ್ಕ ಕೋಣೆಗೆ ಇದು ಒಳ್ಳೆಯ ಉಪಾಯ. ಜಾಗವಿದ್ದರೆ ಸರಿಸುವುದೇ ಮೇಲು.

ಸ್ಪೀಕರ್‌ಗಿಂತ ಹೆಚ್ಚು ಆಶ್ಚರ್ಯ ಮಾಡಿದ್ದು ಸೋಫಾ. ಕೋಣೆಯ ಉದ್ದಕ್ಕೆ ತಕ್ಕಂತೆ ಕೆಲವು ಕೆಳಸ್ವರಗಳು ಎರಡು ಗೋಡೆಗಳ ನಡುವೆ ಕಟ್ಟಿಕೊಳ್ಳುತ್ತವೆ. 15 ಅಡಿಗೆ ಅದು ಸುಮಾರು 38 ಹರ್ಟ್ಸ್, ಆಮೇಲೆ ಅದರ ದುಪ್ಪಟ್ಟು 76. 11 ಅಡಿಗೆ 52, ಮತ್ತೆ 104. ಈ ಸ್ವರಗಳ ಒತ್ತಡ ಅತಿ ಹೆಚ್ಚಿರುವುದು ಗೋಡೆಗೆ ತಾಗಿದ ಜಾಗದಲ್ಲಿ. ನಾವು ತಲೆಯಿಟ್ಟು ಕೂರುತ್ತಿದ್ದದ್ದೂ ಅಲ್ಲೇ. ಸೋಫಾವನ್ನು ಎರಡು ಅಡಿ ಮುಂದೆ ಎಳೆದೆವು. ಉಳಿದಿದ್ದ ಗುಂಯ್ ಮುಕ್ಕಾಲು ಪಾಲು ಹೋಯಿತು. ಖರ್ಚು ಸೊನ್ನೆ. ಹಿಂದೆ ಗುಡಿಸಲು ಸುಲಭವಾಯಿತು ಎಂದು ಹೆಂಡತಿಯೂ ಒಪ್ಪಿದಳು.

ಮುಂದೆ ಎತ್ತರ. ಟ್ವೀಟರ್, ಅಂದರೆ ಮೇಲ್ಸ್ವರಗಳ ಚಿಕ್ಕ ಸ್ಪೀಕರ್, ಕಿವಿಯ ಮಟ್ಟಕ್ಕಿರಬೇಕು. ಸೋಫಾದಲ್ಲಿ ಕೂತಾಗ ನನ್ನ ಕಿವಿ ನೆಲದಿಂದ 38 ಇಂಚು. ಟಿವಿ ಸ್ಟ್ಯಾಂಡ್ ಮೇಲಿಟ್ಟಾಗ ಟ್ವೀಟರ್ 28 ಇಂಚಿನಲ್ಲಿತ್ತು. ಜೊತೆಗೆ ಟೊಳ್ಳು ಪ್ಲೈವುಡ್ ಸ್ಟ್ಯಾಂಡ್ ತಾನೂ ಡಬಡಬ ಅನ್ನುತ್ತಿತ್ತು. ಮೂರು ಬಗೆ ಹೋಲಿಸಿದೆ. ಅದೇ ಸ್ಟ್ಯಾಂಡ್ ಮೇಲೆ ಹವಾಯಿ ಚಪ್ಪಲಿಯ ರಬ್ಬರ್ ತುಂಡು ಕೊಟ್ಟು ಸ್ಪೀಕರ್ ಮೂತಿಯನ್ನು ಚೂರು ಮೇಲೆತ್ತಿದ್ದು ಒಂದು. ಗೆಳೆಯರಿಂದ ತಂದ ಕಬ್ಬಿಣದ ಸ್ಟ್ಯಾಂಡ್ ಎರಡನೆಯದು. 8 ಇಂಚಿನ ಸಿಮೆಂಟ್ ಸಾಲಿಡ್ ಬ್ಲಾಕ್ ಮೂರನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕಡಪ ಕಲ್ಲಿನ ತುಂಡು ಇಟ್ಟದ್ದು ಮೂರನೆಯದು.

ರಬ್ಬರ್ ಇಟ್ಟಿದ್ದಕ್ಕೇ ಡಬಡಬ ನಿಂತಿತು. ಇಷ್ಟು ಸುಲಭದ ಕೆಲಸ ಮಾಡದೆ ಯಾರೂ ಇರಬಾರದು. ಕಬ್ಬಿಣ ಮತ್ತು ಬ್ಲಾಕ್ ನಡುವೆ ಮಾತ್ರ ಕಣ್ಣು ಮುಚ್ಚಿ ಕೇಳಿದರೆ ನನಗೆ ವ್ಯತ್ಯಾಸ ಸಿಗಲಿಲ್ಲ. ಬ್ಲಾಕ್‌ಗಳನ್ನೇ ಉಳಿಸಿಕೊಂಡೆ. ಅವಕ್ಕೆ ಹಳೆ ಪಂಚೆ ಸುತ್ತಿದ್ದೇವೆ, ನೋಡಲೂ ಚೆಂದ. ಓಡಾಡುವ ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಾತ್ರ ಬ್ಲಾಕ್ ಪೇರಿಸಬೇಡಿ. ಬಿದ್ದರೆ ಅಪಾಯ.

ಈಗ ಜಮಖಾನದ ವಿಷಯ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಎಂಬ ಬಾಲ ಕೇಳಿದರೆ ಅದು ಎದುರುಬದುರು ಬರಿ ಗೋಡೆಗಳ ಕೆಲಸ. ನಮ್ಮಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ನೆಲಕ್ಕೆ ಮೊದಲು ನವಲಗುಂದದ ಹತ್ತಿ ಜಮಖಾನ ಹಾಸಿದೆ. ಹಾಡಿನಲ್ಲಿ ಸಕಾರ, ಶಕಾರ ಚುಚ್ಚುತ್ತಿದ್ದದ್ದು ಮೆತ್ತಗಾಯಿತು. ಆದರೆ ಚಪ್ಪಾಳೆಯ ಬಾಲ ಪೂರ್ತಿ ಹೋಗಲಿಲ್ಲ. ತೆಳು ಬಟ್ಟೆ ತೀರಾ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಆಮೇಲೆ ಜಮಖಾನದ ಕೆಳಗೆ ಹುಬ್ಬಳ್ಳಿಯ ತಂಗಿ ಕೊಟ್ಟ ದಪ್ಪ ಕೌದಿ ಹಾಸಿದೆ. ಹಳೆ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ಅದು. ಈ ಜೋಡಿ ನಿಜಕ್ಕೂ ಕೆಲಸ ಮಾಡಿತು. ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

ಪಕ್ಕದ ಗೋಡೆಗಳಿಗೆ ಕನ್ನಡಿಯ ಉಪಾಯ ಮಾಡಿದೆ. ನಾನು ಸೋಫಾದಲ್ಲಿ ಕೂತೆ, ಮಗಳು ಕನ್ನಡಿಯನ್ನು ಗೋಡೆಗೆ ಹಿಡಿದು ನಿಧಾನಕ್ಕೆ ಸರಿಸುತ್ತಾ ಹೋದಳು. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿಗೇ ಸದ್ದು ಬಡಿದು ನಮ್ಮ ಕಿವಿಗೆ ಬರುತ್ತದೆ. ಎಡಗಡೆ ಅದು ಸರಿಯಾಗಿ ಶೋಕೇಸ್ ಗಾಜಿನ ಮೇಲೆ, ಬಲಗಡೆ ಕಿಟಕಿಯ ಅಂಚಿಗೆ. ಕಿಟಕಿಗೆ ಈಗಿನ ತೆಳು ಪರದೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ದಪ್ಪ ಪರದೆಯನ್ನು ನೆರಿಗೆ ಹೆಚ್ಚಿಟ್ಟು ಹಾಕಿದಾಗ ವ್ಯತ್ಯಾಸವಾಯಿತು. ಶೋಕೇಸ್‌ನ ಎರಡು ಗಾಜು ತೆಗೆದು ಪುಸ್ತಕ ಜೋಡಿಸಿದೆವು. ಹಿಂದೆಮುಂದೆ ಇರುವ ಪುಸ್ತಕಗಳ ಸಾಲು ಸದ್ದನ್ನು ಚದುರಿಸುತ್ತದೆ. ಚೆಂಡೆಗೆ ಗಾಜು ಝಲ್ಲೆನ್ನುವುದೂ ನಿಂತಿತು.

ಬೇಸ್ ಹೀರಲು ಬಟ್ಟೆ ಏನೂ ಮಾಡಲಾರದು. 100 ಹರ್ಟ್ಸ್ ಅಲೆಯ ಉದ್ದವೇ ಸುಮಾರು ಮೂರೂವರೆ ಮೀಟರ್. ಅದಕ್ಕೆ ಎರಡು ಇಂಚು ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ಎಳೆಗಳ) ಹಲಗೆ ತಂದು, ಮರದ ಚೌಕಟ್ಟಿನಲ್ಲಿ ಎರಡೆರಡು ಪದರವಿಟ್ಟು, ಬಟ್ಟೆ ಹೊದಿಸಿ, ಮೂಲೆಗಳಲ್ಲಿ ಅಡ್ಡಲಾಗಿ ನಿಲ್ಲಿಸಿದೆ. ಫಲ ಇದೆ, ಆದರೆ ಸೋಫಾ ಎಳೆದಷ್ಟಿಲ್ಲ. ಬಡಗಿಯ ಕೂಲಿ ಸೇರಿ ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದೂ ಇದಕ್ಕೇ. ಮಾಡುವುದಾದರೆ ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಅದರ ಎಳೆ ಚರ್ಮಕ್ಕೆ ಚುಚ್ಚುತ್ತದೆ.

ವೈರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೂರು ಬಗೆ ನೋಡಿದೆ. ಸ್ಪೀಕರ್ ಜೊತೆ ಬಂದ 0.5 ಸ್ಕ್ವೇರ್ ಎಂಎಂ ವೈರ್, ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಪರಿಚಯದವರು ಕೇಳಿ ನೋಡಲು ಕೊಟ್ಟ ಬಲು ದುಬಾರಿ ವೈರ್. 5 ಮೀಟರ್ ಉದ್ದಕ್ಕೆ ತೆಳು ವೈರ್‌ನ ರೆಸಿಸ್ಟೆನ್ಸ್ ಹೋಗಿಬರುವ ದಾರಿ ಸೇರಿ ಸುಮಾರು 0.34 ಓಮ್, ದಪ್ಪದ್ದು 0.07. 8 ಓಮ್ ಸ್ಪೀಕರ್‌ಗೆ ಇವೆರಡರ ನಡುವಿನ ವ್ಯತ್ಯಾಸ ಒಂದು ಡೆಸಿಬೆಲ್‌ನ ಮೂರನೇ ಒಂದು ಪಾಲಿನಷ್ಟು. ಮಗಳು ನನಗೆ ಕಾಣದಂತೆ ದಪ್ಪ ವೈರ್ ಮತ್ತು ದುಬಾರಿ ವೈರ್ ಬದಲಿಸುತ್ತಾ ಹೋದಳು. 10 ಸಲದಲ್ಲಿ 5 ಸಲ ಸರಿಯಾಗಿ ಹೇಳಿದೆ, ಅಂದರೆ ಊಹೆ ಅಷ್ಟೇ. ಒಳ್ಳೆಯ ತಾಮ್ರದ ಮಾಮೂಲಿ ದಪ್ಪ ವೈರ್ ಸಾಕು, ಸುಮ್ನೆ ಹೆಚ್ಚು ದುಡ್ಡು ಹಾಕಬೇಡಿ. ಕೊಳ್ಳುವಾಗ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ.

ಇನ್ನು ತಂಬೂರಿ. ಇಷ್ಟೆಲ್ಲ ಆದರೂ ಅಪ್ಪನಿಗೆ ಅದು ಪೂರ್ತಿ ಸಿಕ್ಕಿರಲಿಲ್ಲ. ಕಾರಣ ತಲೆಯ ಮೇಲೆಯೇ ತಿರುಗುತ್ತಿತ್ತು. ಫ್ಯಾನ್ ಪೂರ್ತಿ ವೇಗದಲ್ಲಿದ್ದಾಗ ಆ್ಯಪ್ 48 ಡೆಸಿಬೆಲ್ ತೋರಿಸಿತು, ಆರಿಸಿದಾಗ 34. ತಂಬೂರಿಯ ಜೀವಾಳದ (ತಂತಿಯ ಕೆಳಗಿಡುವ ದಾರದ) ಝೇಂಕಾರ ಬಹಳ ಸೂಕ್ಷ್ಮ, ಗಾಳಿಯ ಸದ್ದು ಅದನ್ನು ಮುಚ್ಚಿಹಾಕುತ್ತಿತ್ತು. ಈಗ ಬೆಳಿಗ್ಗೆ ಫ್ಯಾನ್ ಆರಿಸುತ್ತೇವೆ, ಸೆಕೆಯಿದ್ದರೆ ಪಕ್ಕದಲ್ಲಿ ಟೇಬಲ್ ಫ್ಯಾನ್ ಒಂದರಲ್ಲಿಡುತ್ತೇವೆ.

ಬೆಳಿಗ್ಗೆ ಸಣ್ಣಗೆ ಕೇಳುವಾಗ ಆಂಪ್ಲಿಫೈಯರ್‌ನ ಲೌಡ್‌ನೆಸ್ ಗುಂಡಿಯೂ ನೆರವಾಯಿತು. ವಾಲ್ಯೂಮ್ ಇಳಿದಂತೆ ಕಿವಿಗೆ ಕೆಳಸ್ವರ ಮೊದಲು ಮಾಯವಾಗುತ್ತದೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಲೌಡ್‌ನೆಸ್ ಆ ಕೊರತೆ ತುಂಬುತ್ತದೆ. ಬರೀ ಬೇಸ್ ತಿರುಗಿಸುವುದಕ್ಕಿಂತ ಇದೇ ಹದವಾಗಿತ್ತು. ಜೋರಾಗಿ ಕೇಳುವಾಗ ಆರಿಸಲು ಮರೆಯಬೇಡಿ.

ಒಂದು ಹೋಲಿಕೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸ್ಪೀಕರ್ ಮೂತಿ ನೇರವಾಗಿರಬೇಕೋ, ಕೂತವರ ಕಡೆಗೆ ತಿರುಗಿರಬೇಕೋ? ತಿರುಗಿಸಿದರೆ ಹಾಡುವವರು ನಡುವೆ ಕೂತಂತೆ ಕಾಣುತ್ತಾರೆ. ನನಗೆ ಅದೇ ಇಷ್ಟ. ನೇರವಿದ್ದರೆ ಕಛೇರಿ ಅಗಲವಾಗುತ್ತದೆ, ಸೋಫಾದಲ್ಲಿ ಯಾರು ಎಲ್ಲಿ ಕೂತರೂ ಚೆನ್ನಾಗಿ ಕೇಳುತ್ತದೆ. ಅಪ್ಪನಿಗೆ ಅದು ಬೇಕು. ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದೇವೆ. ಬೆಳಿಗ್ಗೆ ಅಪ್ಪನ ಗೆರೆ, ರಾತ್ರಿ ಊಟವಾದ ಮೇಲೆ ನನ್ನದು.